1022ರಿಂದ 13 ಕಳೆಯಿರಿ

ನಮ್ಮೂರು ಶಿರಸಿಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ನನ್ನ ಮೊದಲ ಆನ್‌ಲೈನ್ ಇಂಟರ್ವ್ಯೂ ನಡೆದದ್ದು ಸೊಪ್ಪಿನ ಬೆಟ್ಟದ ಮೇಲೆ, ಗೇರು ಮರದ ಬುಡದಲ್ಲಿ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ.

ಬೈನರಿ ಸರ್ಚ್ ಬರೆಯಲು ಹೇಳಿದರು. ಶಬ್ದಕೋಶದಲ್ಲಿ ಪದ ಹುಡುಕುವಾಗ ನಾವು ಮೊದಲ ಪುಟದಿಂದ ಶುರು ಮಾಡುವುದಿಲ್ಲ ಅಲ್ವಾ? ನಡುವೆ ತೆರೆಯುತ್ತೇವೆ. ಪದ ಆ ಕಡೆಗೋ ಈ ಕಡೆಗೋ ನೋಡಿ, ಬೇಡದ ಅರ್ಧವನ್ನು ಬಿಟ್ಟು, ಉಳಿದ ಅರ್ಧದ ನಡುವೆ ಮತ್ತೆ ತೆರೆಯುತ್ತೇವೆ. ಇದನ್ನೇ ಕಂಪ್ಯೂಟರಿಗೆ ಹೇಳಿಕೊಡುವ ಹತ್ತು ಹನ್ನೆರಡು ಸಾಲು ಅದು. ಹಿಂದಿನ ರಾತ್ರಿ ಕಣ್ಣು ಮುಚ್ಚಿ ಬರೆದಿದ್ದೆ. ಅವತ್ತು ಒಂದು ಕಡೆ ಒಂದನ್ನು ಕೂಡಿಸುವುದು ಬಿಟ್ಟುಹೋಯಿತು. "ಕೊನೆಗೆ ಎರಡೇ ಸಂಖ್ಯೆ ಉಳಿದರೆ ಏನಾಗುತ್ತೆ?" ಎಂದು ಆಚೆಯಿಂದ ಕೇಳಿದರು. ಪ್ರೋಗ್ರಾಂ ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತದೆ, ಅಷ್ಟೇ. ಆದರೆ ಆಗ ನನ್ನ ತಲೆ ಪೂರ್ತಿ ಖಾಲಿ. ಎರಡು ನಿಮಿಷ ಸುಮ್ನೆ ತೆರೆ ನೋಡುತ್ತ ಕೂತೆ. "ಪರವಾಗಿಲ್ಲ" ಎಂದು ಅವರೇ ಮುಗಿಸಿದರು.

ಬೆಟ್ಟ ಇಳಿದು ಅಂಗಳ ಮುಟ್ಟುವಷ್ಟರಲ್ಲಿ ಉತ್ತರ ಹೊಳೆಯಿತು! "ಎಂತ ಆತು ತಮಾ?" ಎಂದಳು ಆಯಿ. "ಎಂತೂ ಇಲ್ಲೆ" ಅಂದೆ.

ಗೊತ್ತಿದ್ದದ್ದು ಆ ಹದಿನೈದು ನಿಮಿಷ ಎಲ್ಲಿಗೆ ಹೋಗಿತ್ತು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಓದುತ್ತ ಹೋದಾಗ ಒಂದು ತಮಾಷೆಯ ಸಂಗತಿ ಸಿಕ್ಕಿತು. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರಿಗೆ, ಪ್ರಯೋಗಾಲಯದಲ್ಲಿ ಜನರಿಗೆ ಖಚಿತವಾಗಿ ಒತ್ತಡ ಹುಟ್ಟಿಸುವ ಒಂದು ವಿಧಾನ ಬೇಕಿತ್ತು. ಅವರು ಹಾವು ಚೇಳು ತರಲಿಲ್ಲ. ಒಂದು ಸುಳ್ಳು ಉದ್ಯೋಗ ಸಂದರ್ಶನ ಏರ್ಪಡಿಸಿದರು. ನಗದೆ, ತಲೆಯಾಡಿಸದೆ ನೋಡುತ್ತ ಕೂತವರ ಮುಂದೆ, ಈ ಕೆಲಸಕ್ಕೆ ನಾನೇ ತಕ್ಕವ ಎಂದು ಐದು ನಿಮಿಷ ಮಾತಾಡಬೇಕು. ಆಮೇಲೆ 1022ರಿಂದ 13 ಕಳೆಯುತ್ತ ಹೋಗಬೇಕು: 1009, 996, 983... ತಪ್ಪಿದರೆ "ನಿಲ್ಲಿಸಿ, ಮತ್ತೆ 1022ರಿಂದ" ಎನ್ನುತ್ತಾರೆ. ಇಂದಿಗೂ ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಒತ್ತಡ ಹುಟ್ಟಿಸಲು ಇದನ್ನೇ ಬಳಸುತ್ತವೆ. ಮನೆಯಲ್ಲಿ ಯಾರನ್ನಾದರೂ ಎದುರು ಕೂರಿಸಿಕೊಂಡು ಮಾಡಿ ನೋಡಿ, ನಗು ನಿಂತುಹೋಗುತ್ತದೆ.

ಆ ಹೊತ್ತಿನಲ್ಲಿ ಮೈಯೊಳಗೆ ಎರಡು ಅಲೆ ಏಳುತ್ತವೆ. ಮೊದಲನೆಯದು ಅಡ್ರಿನಲಿನ್ ಎಂಬ ಹಾರ್ಮೋನಿನದು. ಕೆಲವೇ ಸೆಕೆಂಡಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಎರಡನೆಯದು ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನಿನದು. ಇದು ನಿಧಾನ. ಟ್ರಿಯರ್ ಪರೀಕ್ಷೆಯಲ್ಲಿ ಎಂಜಲಿನ ಕಾರ್ಟಿಸಾಲ್ ಎರಡರಿಂದ ನಾಲ್ಕು ಪಟ್ಟು ಏರುತ್ತದೆ. ಅದು ತುತ್ತತುದಿ ಮುಟ್ಟುವುದು ಪರೀಕ್ಷೆ ಮುಗಿದು ಹತ್ತಿಪ್ಪತ್ತು ನಿಮಿಷದ ಹೊತ್ತಿಗೆ. ಹಾಗಾಗಿ ಮೊದಲ ಪ್ರಶ್ನೆಯಲ್ಲಿ ಎಡವಿದವನಿಗೆ ಮೂರನೆಯ ಪ್ರಶ್ನೆಯಲ್ಲೂ ಕೈ ನಡುಗುತ್ತಿದ್ದರೆ ಅದರಲ್ಲಿ ವಿಚಿತ್ರ ಏನಿಲ್ಲ. "ಹೆದರಬೇಡ" ಎಂದು ಬೈದರೆ ರಕ್ತದಲ್ಲಿರುವ ಹಾರ್ಮೋನು ಕೇಳುವುದಿಲ್ಲ. ಉಸಿರು ಸ್ವಲ್ಪ ಮಟ್ಟಿಗೆ ಕೇಳುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಅದಕ್ಕೇ ಎಳೆದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಬಿಡಿ ಎನ್ನುವುದು.

ಆದರೆ ತಲೆ ಖಾಲಿಯಾಗುವುದಕ್ಕೆ ಬಡಿತಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಲೆಕ್ಕ ಮಾಡುವಾಗ ನಡುವಿನ ಅಂಕಿಗಳನ್ನು ಹಿಡಿದಿಟ್ಟುಕೊಳ್ಳಲು ಮಿದುಳಿಗೆ ಒಂದು ಜಾಗವಿದೆ, ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ನಮ್ಮ ಶಾಲೆಯ ಪಾಟಿ ಇದ್ದ ಹಾಗೆ. ತೀರಾ ಚಿಕ್ಕ ಪಾಟಿ. ಒಮ್ಮೆಗೆ ಸುಮಾರು ನಾಲ್ಕು ವಿಷಯ ಹಿಡಿದರೆ ಹೆಚ್ಚು. ಅದರ ಮೇಲೆ "ಇವರು ಏನಂದುಕೊಂಡರೋ", "ಈ ಕೆಲಸವೂ ಹೋಯಿತು", "ಅಪ್ಪಯ್ಯನಿಗೆ ಏನು ಹೇಳಲಿ" ಎಂದು ಬರೆದರೆ ಬೈನರಿ ಸರ್ಚ್‌ಗೆ ಜಾಗ ಎಲ್ಲಿ? ಗೊತ್ತಿದ್ದದ್ದು ಕಪಾಟಿನಲ್ಲೇ ಇತ್ತು. ತೆಗೆದು ಇಡಲು ಪಾಟಿ ಖಾಲಿ ಇರಲಿಲ್ಲ. ಇಳಿಜಾರಿನಲ್ಲಿ ಯಾರೂ ನೋಡುತ್ತಿರಲಿಲ್ಲ, ಪಾಟಿ ಒರೆಸಿಹೋಯಿತು.

ಯಾರೋ ನೋಡುತ್ತಿದ್ದಾರೆ ಎಂಬುದೇ ಎಷ್ಟು ಭಾರ ಎಂದು 2020ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು ಅಳೆದರು. 48 ವಿದ್ಯಾರ್ಥಿಗಳು. ಅರ್ಧ ಜನ ಸಂದರ್ಶಕರ ಎದುರು ಬಿಳಿಹಲಗೆಯ ಮೇಲೆ, ಬಾಯಲ್ಲಿ ವಿವರಿಸುತ್ತ ಕೋಡ್ ಬರೆದರು. ಉಳಿದವರು ಒಂಟಿಯಾಗಿ, ಬಾಗಿಲು ಹಾಕಿದ ಕೋಣೆಯಲ್ಲಿ. ಎದುರು ಜನ ಇದ್ದವರ ಸಾಧನೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಜನರೆದುರು ಬರೆದ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸರಿ ಉತ್ತರ ಬರಲಿಲ್ಲ. ಒಂಟಿಯಾಗಿ ಬರೆದ ಹೆಣ್ಣುಮಕ್ಕಳಿಗೆಲ್ಲ ಬಂತು. ಸಣ್ಣ ಗುಂಪು, ನಿಜ. ಆದರೂ ಇಂಟರ್ವ್ಯೂ ಎಂಬುದು ಜಾಣತನಕ್ಕಿಂತ ಸಭಾಕಂಪವನ್ನೇ ಜಾಸ್ತಿ ಅಳೆಯುತ್ತಿದೆಯೋ ಏನೋ ಎಂಬ ಅನುಮಾನ ನನಗಂತೂ ಬಂದಿದೆ.

ಯೋಚಿಸುತ್ತ ಮಾತಾಡುವುದೂ ಒಂದು ಕೆಲಸವೇ. ಅದೂ ಪಾಟಿಯ ಜಾಗ ತಿನ್ನುತ್ತದೆ. ಅಡಿಕೆ ಸುಲಿಯುವ ರಾತ್ರಿಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತ ಹಳಬರು ಊರಿನ ಸುದ್ದಿಯೆಲ್ಲ ಹೇಳುತ್ತ ಡಬ್ಬಿ ತುಂಬಿಸುತ್ತಾರೆ. ಕೈಗೆ ಅಭ್ಯಾಸವಾಗಿದೆ, ಪಾಟಿ ಮಾತಿಗೆ ಬಿಡುವಾಗಿದೆ. ನಾನು ಮಾತಾಡಲು ಹೋದರೆ ಬೆರಳು ಕೊಯ್ದುಕೊಳ್ಳುತ್ತೇನೆ. ಇಂಟರ್ವ್ಯೂಗೆ ನಾನು ಒಬ್ಬನೇ, ಬಾಯಿ ಮುಚ್ಚಿಕೊಂಡು ತಯಾರಾಗಿದ್ದೆ. ತಪ್ಪಿದ್ದು ಅಲ್ಲೇ. ಆಮೇಲೆ ಸುಲಿಯುವವರ ಮುಂದೆ ಕೂತು ಜೋರಾಗಿ ವಿವರಿಸುತ್ತ ಲೆಕ್ಕ ಬಿಡಿಸತೊಡಗಿದೆ. ಅವರಿಗೆ ಅರ್ಥವಾಗಲಿಲ್ಲ, ನಕ್ಕರು. ನೋಡುವ ಕಣ್ಣುಗಳಿದ್ದವಲ್ಲ, ಅಷ್ಟು ಸಾಕಾಗಿತ್ತು.

ಸಿಕ್ಕಿಬಿದ್ದಾಗ ಏನು ಮಾಡಬೇಕೆಂದು ಕಲಿತದ್ದು ತಾಳಮದ್ದಳೆಯಲ್ಲಿ ಅರ್ಥ ಹೇಳುವ ಸೋದರಮಾವನಿಂದ. ಅಲ್ಲಿ ಬರೆದಿಟ್ಟ ಮಾತಿಲ್ಲ. ಎದುರಿನವ ಎಲ್ಲಿಂದ ಪ್ರಶ್ನೆ ಎಸೆಯುತ್ತಾನೋ ಗೊತ್ತಿಲ್ಲ. "ಮರೆತುಹೋದರೆ ಎಂತ ಮಾಡ್ತೆ ಮಾವ?" ಎಂದು ಕೇಳಿದ್ದೆ. ಮೊದಲು ಅವನ ಪ್ರಶ್ನೆಯನ್ನೇ ನನ್ನ ಮಾತಲ್ಲಿ ತಿರುಗಿ ಹೇಳುತ್ತೇನೆ, ಅಷ್ಟರಲ್ಲಿ ದಾರಿ ಕಾಣುತ್ತದೆ ಎಂದ. ನಡುಕ ಬರುವುದಿಲ್ಲವಾ? ಬರುತ್ತದೆ, ಬರದ ದಿನ ಅರ್ಥ ಸಪ್ಪೆ ಎಂದ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ ಪ್ರಕಟಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಭಾಷಣಕ್ಕೆ ಮೊದಲು "ನಾನು ಶಾಂತನಾಗಿದ್ದೇನೆ" ಎಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಎಂದುಕೊಂಡವರು ಚೆನ್ನಾಗಿ ಮಾತಾಡಿದರು. ಹೊಡೆದುಕೊಳ್ಳುವ ಎದೆಗೆ ಶಾಂತಿಗಿಂತ ಹುರುಪೇ ಹತ್ತಿರ.

ಇನ್ನು ಬೈನರಿ ಸರ್ಚ್‌ನ ತಪ್ಪಿಗೆ ಬಂದರೆ, ನನಗೆ ದೊಡ್ಡವರ ಜೊತೆಯಿದೆ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಬೈನರಿ ಸರ್ಚ್ ಬರೆದವರು ಜೋಶುವಾ ಬ್ಲಾಕ್. ಅದರಲ್ಲಿ ಒಂದು ತಪ್ಪು ಸುಮಾರು ಒಂಬತ್ತು ವರ್ಷ ಅಡಗಿ ಕೂತಿತ್ತು ಎಂದು 2006ರಲ್ಲಿ ಅವರೇ ಬರೆದರು. ನಡು ಹುಡುಕಲು ಎರಡು ತುದಿಗಳನ್ನು ಕೂಡಿಸಿ ಎರಡರಿಂದ ಭಾಗಿಸಬೇಕು. ಪಟ್ಟಿ ಸುಮಾರು 107 ಕೋಟಿ ದಾಟಿದರೆ ಆ ಮೊತ್ತ ಅದಕ್ಕೆಂದು ಇಟ್ಟ ಜಾಗದಲ್ಲಿ ಹಿಡಿಸದೆ ಋಣ ಸಂಖ್ಯೆಯಾಗಿಬಿಡುತ್ತದೆ. ಅವರನ್ನು ಯಾರೂ ಬೆಟ್ಟದ ಮೇಲೆ ಕೂರಿಸಿ ಬರೆಸಿರಲಿಲ್ಲ, ನೋಡಿ.

ಈಗ ನಾನು ಪರದೆಯ ಈಚೆ ಕೂರುತ್ತೇನೆ, ಪ್ರಶ್ನೆ ಕೇಳುವ ಕಡೆ. ಮೊನ್ನೆ ಅಂಕೋಲಾ ಕಡೆಯ ಹುಡುಗಿಯೊಬ್ಬಳಿಗೆ ಪ್ರಶ್ನೆ ಕೊಟ್ಟು, "ಹತ್ತು ನಿಮಿಷ ನಾನಿರುವುದಿಲ್ಲ, ನೀವೇ ಮಾಡಿ" ಎಂದು ಕ್ಯಾಮೆರಾ, ಮೈಕು ಎರಡೂ ಆಫ್ ಮಾಡಿ ಚಾ ಕುಡಿಯಲು ಹೋದೆ. ವಾಪಸ್ ಬಂದಾಗ ಅವಳ ಹಿಂದೆ ಮೀನಿನ ಗಾಡಿ ಪೋಂ ಪೋಂ ಎನ್ನುತ್ತಿತ್ತು. ಅದು ದಾಟುವವರೆಗೆ ಇಬ್ಬರೂ ಕಾದೆವು.

"ಸರ್, ಮೊದಲು ಬರೆದದ್ದು ತಪ್ಪಿತ್ತು" ಎಂದಳು. "ಎರಡೇ ಸಂಖ್ಯೆ ಇಟ್ಟು ನೋಡಿದೆ. ಅಲ್ಲೇ ಸುತ್ತುತ್ತಾ ಇತ್ತು."