ಆಯಿಲ್ ಮೀಟರ್ ನಿಜವಾಗಿ ಅಳೆಯುವುದು ಏನನ್ನು?

ಹಳೇ ಲಾರಿಯ ಆಯಿಲ್ ಮೀಟರ್, ಅಂದರೆ ಎಂಜಿನ್ ಆಯಿಲಿನ ಒತ್ತಡ ತೋರಿಸುವ ಮೀಟರಿನ, ಮುಳ್ಳು ಕೆಳಗೆ ಬಿದ್ದರೆ ಗ್ಯಾರೇಜಿನಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, 'ಆಯಿಲ್ ಪಂಪ್ ಹೋಗಿದೆ.' ಇನ್ನೊಂದು, 'ದಪ್ಪ ಆಯಿಲ್ ಹಾಕಿ, ಸರಿಹೋಗುತ್ತೆ.' ಪಂಪ್ ಒತ್ತಡ ಹುಟ್ಟಿಸುತ್ತದೆ, ಆ ಒತ್ತಡ ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಶಾಫ್ಟನ್ನು) ಎತ್ತಿ ಹಿಡಿಯುತ್ತದೆ ಎಂಬ ನಂಬಿಕೆ ಎರಡರ ಹಿಂದೆಯೂ ಇದೆ. ಈ ನಂಬಿಕೆಯ ಎರಡು ಭಾಗವೂ ತಪ್ಪು.

ಮಾತಾಡಲು ಒಂದು ಎಂಜಿನ್ ಬೇಕಲ್ಲ, ಕಮ್ಮಿನ್ಸ್ 6ಬಿಟಿ ತೆಗೆದುಕೊಳ್ಳೋಣ. 5.9 ಲೀಟರ್, ಆರು ಸಿಲಿಂಡರ್. ಅಮೆರಿಕದಲ್ಲಿ ಇದು 1989ರಿಂದ ಡಾಡ್ಜ್ ಪಿಕಪ್‌ಗಳಲ್ಲಿ ಬಂತು. ಟಾಟಾ ಮತ್ತು ಕಮ್ಮಿನ್ಸ್ 1993ರಲ್ಲಿ ಕೈಜೋಡಿಸಿದ ಮೇಲೆ ಜಮ್ಶೆಡ್‌ಪುರದಲ್ಲೂ ತಯಾರಾಗಿ ನಮ್ಮ ಲಾರಿಗಳಿಗೆ ಬಂತು. ಈ ಎಂಜಿನ್ ಬಿಸಿಯಾಗಿದ್ದಾಗ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗ) ಕನಿಷ್ಠ 10 ಪಿಎಸ್ಐ, ಪೂರ್ತಿ ವೇಗದಲ್ಲಿ ಕನಿಷ್ಠ 30 ಪಿಎಸ್ಐ ಒತ್ತಡ ಇರಬೇಕು. ಮೆಕ್ಯಾನಿಕ್ ಲೆಕ್ಕದಲ್ಲಿ ಸುಮಾರು 0.7 ಕೆಜಿ ಮತ್ತು 2.1 ಕೆಜಿ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಅಷ್ಟು ತೂಕ. 65 ಪಿಎಸ್ಐ, ಸುಮಾರು ನಾಲ್ಕೂವರೆ ಕೆಜಿ, ತಲುಪಿದರೆ ರಿಲೀಫ್ ವಾಲ್ವ್ ತೆರೆದು ಹೆಚ್ಚಿನ ಆಯಿಲನ್ನು ವಾಪಸ್ ಬಿಡುತ್ತದೆ.

ಈಗ ಸ್ವಲ್ಪ ಲೆಕ್ಕ. ಪಿಸ್ಟನ್ ಅಗಲ 102 ಮಿಲಿಮೀಟರ್. ಡೀಸೆಲ್ ಉರಿದಾಗ ಅದರ ತಲೆಯ ಮೇಲೆ ಚದರ ಸೆಂಟಿಮೀಟರಿಗೆ 100 ಕೆಜಿ ಒತ್ತಡ ಬಿದ್ದರೂ ಒಟ್ಟು ಭಾರ 8 ಟನ್ ದಾಟುತ್ತದೆ. ಅಷ್ಟೂ ಭಾರ ಕನೆಕ್ಟಿಂಗ್ ರಾಡ್ ಮೂಲಕ ಒಂದು ಪುಟ್ಟ ಬೇರಿಂಗಿನ (ಶಾಫ್ಟನ್ನು ಸುತ್ತುವರಿಯುವ ನುಣುಪು ಲೋಹದ ಚಿಪ್ಪಿನ) ಮೇಲೆ ಇಳಿಯಬೇಕು. ಪಂಪಿನಿಂದ ಬಂದ ನಾಲ್ಕು ಕೆಜಿ ಒತ್ತಡ ಆ ಬೇರಿಂಗಿನಲ್ಲಿ ಹೊರಬಲ್ಲದ್ದು 100 ಕೆಜಿ ಆಸುಪಾಸಿನ ಭಾರ ಮಾತ್ರ. ಹಾಗಾದರೆ ಉಳಿದ ಟನ್‌ಗಟ್ಟಲೆ ಭಾರ ಹೊರುವವರು ಯಾರು?

ಇದಕ್ಕೆ ಉತ್ತರ ಸಿಕ್ಕಿದ್ದು ರೈಲು ಗಾಡಿಯ ಅಚ್ಚಿನಿಂದ. 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬೀಚಂ ಟವರ್ ಎಂಬ ಎಂಜಿನಿಯರ್ ರೈಲಿನ ಬೇರಿಂಗುಗಳನ್ನು ಪರೀಕ್ಷೆ ಮಾಡುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರು. ಅಚ್ಚು ತಿರುಗಿಸಿದರೆ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಮೇಲೆ ಉಕ್ಕಿ ಬಂತು! ಕಾರ್ಕ್ ಬಡಿದರು. ಅದನ್ನೂ ತಳ್ಳಿತು. ಮರದ ಬೆಣೆ ಬಡಿದರು. ಅದೂ ಹೊರಗೆ. ಕೊನೆಗೆ ಒತ್ತಡದ ಮೀಟರ್ ಜೋಡಿಸಿದಾಗ ಮುಳ್ಳು 200 ಪಿಎಸ್ಐ ದಾಟಿತು. ಬೇರಿಂಗಿನ ಮೇಲಿದ್ದ ಭಾರದ ಸರಾಸರಿ ಒತ್ತಡ ಅದರ ಅರ್ಧದಷ್ಟೂ ಇರಲಿಲ್ಲ. ಗಮನಿಸಿ, ಅಲ್ಲಿ ಪಂಪೇ ಇರಲಿಲ್ಲ. ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಅದ್ದಿತ್ತು, ಅಷ್ಟೇ.

ಈ ವಿಚಿತ್ರದ ಗಣಿತವನ್ನು 1886ರಲ್ಲಿ ಬಿಡಿಸಿದವರು ಮ್ಯಾಂಚೆಸ್ಟರಿನ ಆಸ್‌ಬೋರ್ನ್ ರೆನಾಲ್ಡ್ಸ್. ತಿರುಗುವ ಶಾಫ್ಟ್ ಬೇರಿಂಗಿನ ನಟ್ಟನಡುವೆ ಕೂರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಕೂರುತ್ತದೆ. ಹೀಗಾಗಿ ಒಂದು ಕಡೆ ಸಂದು ಅಗಲ, ಇನ್ನೊಂದು ಕಡೆ ಕಿರಿದು. ಶಾಫ್ಟಿಗೆ ಅಂಟಿಕೊಂಡ ಎಣ್ಣೆ ಅಗಲದಿಂದ ಕಿರಿದಿಗೆ ಎಳೆದೊಯ್ಯಲ್ಪಟ್ಟು ಅಲ್ಲಿ ಇರುಕಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಶಾಫ್ಟ್ ತನ್ನನ್ನು ತಾನೇ ಎತ್ತಿಕೊಳ್ಳುತ್ತದೆ. ಪಂಪಿನ ಕೆಲಸ ಆ ಸಂದಿಗೆ ಎಣ್ಣೆ ತಲುಪಿಸುವುದು, ಬಿಸಿಯಾದದ್ದನ್ನು ತಳ್ಳಿ ತಣ್ಣಗಿನದ್ದನ್ನು ಕೊಡುವುದು. ನನಗಂತೂ ಇಡೀ ಎಂಜಿನ್ನಿನಲ್ಲಿ ಇದಕ್ಕಿಂತ ಚೆಂದದ ಸಂಗತಿ ಇನ್ನೊಂದಿಲ್ಲ.

ಹಾಗಾದರೆ ಮೀಟರ್ ತೋರಿಸುವುದೇನು? ತೋಟದ ಡ್ರಿಪ್ ಲೈನ್ ನೋಡಿದವರಿಗೆ ಇದು ಸಲೀಸು. ಮೋಟರ್ ನೀರು ತಳ್ಳುತ್ತದೆ. ಆ ನೀರು ಸಣ್ಣ ತೂತುಗಳಲ್ಲಿ ಕಷ್ಟಪಟ್ಟು ಹೊರಬರುವುದರಿಂದಲೇ ಪೈಪಿನಲ್ಲಿ ಒತ್ತಡ ನಿಲ್ಲುತ್ತದೆ. ಅಳಿಲು ನಾಲ್ಕು ಕಡೆ ಪೈಪ್ ಕಡಿದರೆ ಒತ್ತಡ ಇಳಿದು ಕೊನೆಯ ಗಿಡಗಳಿಗೆ ನೀರಿಲ್ಲ. ಮೋಟರ್ ಚೆನ್ನಾಗಿಯೇ ಇರುತ್ತದೆ! ಎಂಜಿನ್ನಿನಲ್ಲಿ ಆ ತೂತುಗಳೆಂದರೆ ಬೇರಿಂಗಿನ ಸಂದುಗಳು. ಹೊಸದರಲ್ಲಿ ಅವು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಸೋರುವ ಎಣ್ಣೆ ಸಂದಿನ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಂದರೆ ಸಂದು ಎರಡರಷ್ಟಾದರೆ ಸೋರಿಕೆ ಎಂಟರಷ್ಟು. ಕೂದಲೆಳೆಯ ಸವೆತಕ್ಕೆ ಮುಳ್ಳು ದೊಪ್ಪನೆ ಬೀಳುವುದು ಇದಕ್ಕೇ.

ಇನ್ನೊಂದು ಸಂಗತಿ ಎಣ್ಣೆಯ ದಪ್ಪ. 15ಡಬ್ಲ್ಯೂ-40 ದರ್ಜೆಯ ಆಯಿಲ್ 40 ಡಿಗ್ರಿಯಲ್ಲಿ ಇರುವಷ್ಟು ದಪ್ಪ 100 ಡಿಗ್ರಿಯಲ್ಲಿ ಇರುವುದಿಲ್ಲ. ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮುಳ್ಳು ಮೇಲಿತ್ತು, ಶಿರಾಡಿ ಘಾಟಿ ಹತ್ತಿದ ಮೇಲೆ ಕೆಳಗಿಳಿಯಿತು ಎಂದರೆ ಅಷ್ಟಕ್ಕೇ ಗಾಬರಿ ಬೇಡ. ಬಿಸಿಯಲ್ಲೂ ಮೇಲೆ ಹೇಳಿದ ಕನಿಷ್ಠ ಮಟ್ಟ ಇದೆಯಾ ಎಂಬುದೇ ಪ್ರಶ್ನೆ.

ಅದಕ್ಕೇ ಮೊದಲು ಲಾರಿಯ ಮೀಟರನ್ನು ನಂಬಬೇಡಿ. ಅದರ ಸೆಂಡರ್ (ಒತ್ತಡವನ್ನು ಗ್ರಹಿಸಿ ಮೀಟರಿಗೆ ತಿಳಿಸುವ ಭಾಗ) ಮತ್ತು ವೈರು ಕೆಡುವುದು ಮಾಮೂಲು. ಸೆಂಡರ್ ಬಿಚ್ಚಿ ಅಲ್ಲಿಗೆ ನೇರ ಪೈಪಿನ ಗೇಜ್ ಹಾಕಿ. ಆಯಿಲ್ ಮಟ್ಟ ನೋಡಿ, ಕಡ್ಡಿಯನ್ನು ಮೂಸಿ. ಮಟ್ಟ ತಾನಾಗೇ ಏರಿದ್ದು ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಅಥವಾ ಫೀಡ್ ಪಂಪ್ ಸೋರಿ ಆಯಿಲ್ ತೆಳ್ಳಗಾಗಿದೆ. ಹಾಲು ಬೆರೆಸಿದಂತಿದ್ದರೆ ರೇಡಿಯೇಟರ್ ನೀರು ಸೇರಿದೆ. ಬರೀ ಕಪ್ಪಗಿದ್ದರೆ ಏನೂ ಗೊತ್ತಾಗುವುದಿಲ್ಲ. ಡೀಸೆಲ್ ಎಂಜಿನ್ನಿನ ಆಯಿಲ್ ಬಹಳ ಬೇಗ ಕಪ್ಪಾಗುತ್ತದೆ.

ಆಮೇಲೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಮುಳ್ಳಿನ ನಡವಳಿಕೆ ನೋಡಬೇಕು. ಐಡಲ್‌ನಲ್ಲಿ ಬಿದ್ದಿದ್ದು ರೇಸ್ ಮಾಡಿದಾಗ ಸರಿಯಾಗಿ ಏರಿದರೆ ಎಣ್ಣೆ ತೆಳ್ಳಗಾಗಿದೆ, ಇಲ್ಲವೇ ಬೇರಿಂಗ್ ಸವೆದಿದೆ. ಐಡಲ್‌ನಲ್ಲಿ ಸರಿಯಿದ್ದು ರೇಸ್ ಮಾಡಿದಾಗ ಮುಳ್ಳು ನಡುಗಿ ಕೆಳಗಿಳಿದರೆ ತೊಂದರೆ ಪಂಪಿನ ಹೀರುವ ಕಡೆ ಇದೆ: ಚೇಂಬರಿನ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯ) ಜಾಲರಿ ಕಟ್ಟಿದೆ ಅಥವಾ ಹೀರುವ ಪೈಪ್ ಬಿರಿದು ಗಾಳಿ ಎಳೆಯುತ್ತಿದೆ. ತಣ್ಣಗಿದ್ದಾಗಲೂ ಬಿಸಿಯಾದಾಗಲೂ, ಎಲ್ಲಾ ವೇಗದಲ್ಲೂ ಕಡಿಮೆ ಇದ್ದರೆ ಮೊದಲ ಅನುಮಾನ ರಿಲೀಫ್ ವಾಲ್ವ್ ಮೇಲೆ. ಒಂದು ಚೂರು ಕಸ ಸಿಕ್ಕಿಕೊಂಡರೂ ಅದು ತೆರೆದೇ ಉಳಿಯುತ್ತದೆ. 6ಬಿಟಿಯಲ್ಲಿ ಅದನ್ನು ಫಿಲ್ಟರ್ ಹೆಡ್ ಮೇಲಿನ ಪ್ಲಗ್ ಬಿಚ್ಚಿ ಹೊರಗಿನಿಂದಲೇ ತೆಗೆದು ನೋಡಬಹುದು. ಇಷ್ಟು ಸುಲಭದ್ದನ್ನು ಬಿಟ್ಟು ನೇರವಾಗಿ ಎಂಜಿನ್ ಇಳಿಸುವವರನ್ನು ಕಂಡರೆ ಏನು ಹೇಳಬೇಕೋ!

ಇನ್ನು ಆಯಿಲಿಗೆ ಬೆರೆಸಲೆಂದು ಮಾರುವ 'ಪ್ರೆಶರ್ ಹೆಚ್ಚಿಸುವ' ಡಬ್ಬಿಗಳು. ಬಂಪರಿಗೆ ಕಟ್ಟಿದ ನಿಂಬೆಹಣ್ಣು-ಮೆಣಸಿನಕಾಯಿಗಿಂತ ಇವುಗಳ ಮೇಲೆ ನನಗೆ ಜಾಸ್ತಿ ಸಿಟ್ಟು. ನಿಂಬೆಹಣ್ಣು ಎಂಜಿನ್ನಿನ ಒಳಗೆ ಹೋಗುವುದಿಲ್ಲ. ಡಬ್ಬಿಯ ಅಂಟು ಎಣ್ಣೆಯನ್ನು ದಪ್ಪ ಮಾಡುತ್ತದೆ, ಮುಳ್ಳು ಏರುತ್ತದೆ, ಸವೆದ ಬೇರಿಂಗ್ ಸವೆದೇ ಇರುತ್ತದೆ. ಚಳಿಗಾಲದ ಬೆಳಗ್ಗೆ ಆ ಅಂಟು ಮೇಲಿನ ರಾಕರ್‌ಗಳಿಗೆ (ವಾಲ್ವ್‌ಗಳನ್ನು ತೆರೆಯುವ ತೋಳುಗಳಿಗೆ) ತಲುಪುವುದು ಇನ್ನೂ ತಡ. ನಮ್ಮ ಬಿಸಿಲಿಗೆ ಇನ್ನೂ ದಪ್ಪನೆಯ 20ಡಬ್ಲ್ಯೂ-50 ಆಯಿಲ್ ಹಾಕುವುದು ಅಪರಾಧವೇನಲ್ಲ, ಹಳೇ ಎಂಜಿನ್ನಿಗೆ ನಾಲ್ಕು ತಿಂಗಳು ಸಿಗಬಹುದು. ಆದರೆ ಡೀಸೆಲ್ ಸೋರುತ್ತಿರುವಾಗ ಅದನ್ನು ಹಾಕಿದರೆ ಸುಮ್ನೆ ದುಡ್ಡು ದಂಡ.

ಹೊರಗಿನದ್ದೆಲ್ಲ ಸರಿಯಿದ್ದರೆ ಹಳೇ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ತಾಮ್ರದ ಬಣ್ಣದ ಮಿನುಗು ಕಂಡರೆ ಬೇರಿಂಗಿನ ಮೇಲಿನ ಮೆತ್ತನೆಯ ಪದರ ಹೋಗಿ ಒಳಪದರ ಉಜ್ಜುತ್ತಿದೆ ಎಂದರ್ಥ. ಆಗ ಚೇಂಬರ್ ಇಳಿಸಲೇಬೇಕು. ಬರೀ ಹೊಸ ಬೇರಿಂಗ್ ಕೂರಿಸಿ ಕೈತೊಳೆದುಕೊಳ್ಳುವುದಲ್ಲ, ಕ್ರ್ಯಾಂಕನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಮೇನ್ ಜರ್ನಲ್ (ಮೇನ್ ಬೇರಿಂಗಿನಲ್ಲಿ ತಿರುಗುವ ಕ್ರ್ಯಾಂಕಿನ ಭಾಗ) 83 ಮಿಲಿಮೀಟರ್ ಇರಬೇಕು. ಸವೆದಿದ್ದರೆ ಅಥವಾ ಅಂಡಾಕಾರ ಆಗಿದ್ದರೆ ಗ್ರೈಂಡ್ ಮಾಡಿಸಿ, 0.25 ಅಥವಾ 0.5 ಮಿಲಿಮೀಟರ್ ಅಂಡರ್‌ಸೈಜ್ (ಅಷ್ಟು ಸಣ್ಣ ಜರ್ನಲ್‌ಗೆ ಹೊಂದುವ) ಬೇರಿಂಗ್ ಹಾಕಬೇಕು. ಪಂಪ್ ಇರುವುದು ಮುಂದಿನ ಗೇರ್ ಕವರಿನ ಒಳಗೆ. ಅದು ಹೀರುವುದು ಫಿಲ್ಟರ್ ಆಗುವ ಮೊದಲಿನ ಎಣ್ಣೆಯನ್ನು, ಆದ್ದರಿಂದ ಕಸದಿಂದ ಸವೆಯುವುದೂ ಉಂಟು. ಹೇಗೂ ಬಿಚ್ಚಿದ್ದೀರಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಪಂಪಿನ ಸಂದನ್ನೂ ನೋಡಿಬಿಡಿ.

ಎಲ್ಲ ಜೋಡಿಸಿದ ಮೇಲೆ ಹೊಸ ಫಿಲ್ಟರಿಗೆ ಆಯಿಲ್ ತುಂಬಿ ಕೂರಿಸಿ. ಡೀಸೆಲ್ ಬಂದ್ ಮಾಡಿ ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಗೇಜಿನ ಮುಳ್ಳು ಎದ್ದ ಮೇಲಷ್ಟೇ ಡೀಸೆಲ್ ಬಿಡಿ.