ಆ ಸಣ್ಣ ಹಿತ್ತಾಳೆ ಸ್ಕ್ರೂ ತಿರುಗಿಸಬೇಡಿ

ಹಳೆಯ ಬೈಕ್ ತಳ್ಳಿಕೊಂಡು ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರು ಬೈಕಿಗೆ ಏನಾಗಿದೆ ಅಂತ ಹೇಳುವುದಿಲ್ಲ. ಏನು ಮಾಡಬೇಕು ಅಂತ ಹೇಳುತ್ತಾರೆ. "ಅಣ್ಣ, ಕಾರ್ಬುರೇಟರ್ ಕ್ಲೀನ್ ಮಾಡಿ ಒಂದ್ಸಲ ಟ್ಯೂನಿಂಗ್ ಮಾಡ್ಬಿಡಿ." ಬೆಳಗ್ಗೆ ಸ್ಟಾರ್ಟ್ ಆಗದಿದ್ದರೂ ಇದೇ ಮಾತು. ಮೈಲೇಜ್ ಬಿದ್ದರೂ ಇದೇ ಮಾತು. ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆದರೂ ಇದೇ ಮಾತು. ಅಷ್ಟರಲ್ಲಿ ಅವರೋ, ಪಕ್ಕದ ಮನೆಯ ಹುಡುಗನೋ, ದಾರಿಯಲ್ಲಿ ಸಿಕ್ಕಿದ ಯಾರೋ ಒಬ್ಬರು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಆ ಕಾರ್ಬುರೇಟರಿನ ಸಣ್ಣ ಹಿತ್ತಾಳೆ ಸ್ಕ್ರೂವನ್ನು ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿ ಆಗಿರುತ್ತದೆ. ಸ್ಕ್ರೂ ತಲೆಯ ಗೀರು ಸವೆದು ಹೋಗಿರುತ್ತದೆ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ನಾನು ಹೇಳುತ್ತಿರುವುದು ಕಾರ್ಬುರೇಟರ್ ಇರುವ ಬೈಕ್‌ಗಳ ವಿಷಯ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದಮೇಲೆ ಹೊಸ ಬೈಕ್‌ಗಳಲ್ಲಿ ಬಹುತೇಕ ಫ್ಯೂಯೆಲ್ ಇಂಜೆಕ್ಷನ್ನೇ. ಅವುಗಳಲ್ಲಿ ಕಾರ್ಬುರೇಟರ್ ಇಲ್ಲ, ಕಥೆ ಬೇರೆ. ಆದರೆ ಮೈಸೂರಿನಲ್ಲಿ ಬೆಳಗ್ಗೆ ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು ಕಡೆ ಕಾರ್ಖಾನೆಗೆ ಹೋಗುವವರನ್ನು ನೋಡಿ. ಎಷ್ಟು ಹಳೆಯ ಸ್ಪ್ಲೆಂಡರ್, ಪ್ಯಾಷನ್, ವಿಕ್ಟರ್, ಡಿಸ್ಕವರ್ ಇನ್ನೂ ಓಡುತ್ತಿವೆ! ಎರಡನೇ ಕೈ, ಮೂರನೇ ಕೈ. ಹೊಸ ಬೈಕಿನ ಕಂತು ಕಟ್ಟುವ ಬದಲು ಇಂಥದ್ದೊಂದನ್ನು ಕೊಂಡು ಮನೆ ನಡೆಸುವವರ ಮೇಲೆ ನನಗೆ ತುಂಬಾ ಗೌರವ. ಆ ಬೈಕ್‌ಗಳೂ ಅಷ್ಟೇ ಒಳ್ಳೆಯವು. ಹಳೆಯ ಸ್ಪ್ಲೆಂಡರ್‌ನ 97.2 ಸಿಸಿ ಎಂಜಿನ್ ಹೊತ್ತಿಗೆ ಸರಿಯಾಗಿ ಆಯಿಲ್ ಕಂಡರೆ ಸಾಕು, ಸುಲಭಕ್ಕೆ ಕೈಕೊಡುವುದಿಲ್ಲ. ಅದಕ್ಕೇ ಅವರ ದುಡ್ಡು ತಪ್ಪು ಜಾಗದಲ್ಲಿ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆ ಸ್ಕ್ರೂ ಏನು ಮಾಡುತ್ತದೆ ಅಂತ ಒಮ್ಮೆ ನಿಧಾನವಾಗಿ ಹೇಳುತ್ತೇನೆ. ಕಾರ್ಬುರೇಟರಿನ ಹೊರಗೆ ತಿರುಗಿಸಲು ಸಿಗುವ ಸ್ಕ್ರೂಗಳು ಸಾಮಾನ್ಯವಾಗಿ ಎರಡು. ದೊಡ್ಡದು ಸ್ಲೋ ಸ್ಪೀಡ್‌ನದು. ಆಕ್ಸಿಲರೇಟರ್ ಬಿಟ್ಟಾಗ ಒಳಗಿನ ಸ್ಲೈಡ್ (ಗಾಳಿಯ ದಾರಿ ತೆರೆದು ಮುಚ್ಚುವ ಭಾಗ) ಎಷ್ಟು ಕೆಳಗೆ ಇಳಿಯಬೇಕು ಅಂತ ತಡೆದು ನಿಲ್ಲಿಸುವುದಷ್ಟೇ ಅದರ ಕೆಲಸ. ಅದನ್ನು ಸ್ವಲ್ಪ ಆಚೀಚೆ ಮಾಡಿದರೆ ನಷ್ಟವಿಲ್ಲ. ಇನ್ನೊಂದು ಸಣ್ಣದು, ಹಿತ್ತಾಳೆಯದು. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಕೊಡದೆ ಎಂಜಿನ್ ಓಡುತ್ತಿರುವಾಗ) ಗಾಳಿ ಮತ್ತು ಪೆಟ್ರೋಲ್ ಎಷ್ಟೆಷ್ಟು ಸೇರಬೇಕು ಅಂತ ಅದು ನೋಡಿಕೊಳ್ಳುತ್ತದೆ. ಐಡ್ಲಿಂಗ್‌ನಲ್ಲಿ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು. ಆಕ್ಸಿಲರೇಟರ್ ಕಾಲು ಭಾಗ ತಿರುಗಿಸುವವರೆಗೆ ಅದರ ಪ್ರಭಾವ ಇರುತ್ತದೆ. ಅಲ್ಲಿಂದ ಮುಂದೆ ಮುಕ್ಕಾಲು ಭಾಗದವರೆಗೆ ಪೆಟ್ರೋಲ್ ಅಳೆಯುವುದು ಸ್ಲೈಡ್‌ನಲ್ಲಿ ನೇತಾಡುವ ನೀಡಲ್, ಅಂದರೆ ಸೂಜಿ. ಪೂರ್ತಿ ತಿರುಗಿಸಿದಾಗ ಮೇನ್ ಜೆಟ್, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತು. ಅಂದರೆ ರಿಂಗ್ ರೋಡಿನಲ್ಲಿ ಗಾಡಿ ಎಳೆಯುತ್ತಿಲ್ಲ, ಚಾಮುಂಡಿ ಬೆಟ್ಟ ಹತ್ತುವಾಗ ಪಿಕಪ್ ಇಲ್ಲ ಅನ್ನುವ ದೂರಿಗೂ ಆ ಸ್ಕ್ರೂಗೂ ಹೆಚ್ಚಿನ ಸಂಬಂಧವೇ ಇಲ್ಲ.

ಇನ್ನೊಂದು ತೊಂದರೆ ಇದೆ. ಎಲ್ಲ ಬೈಕಿನಲ್ಲೂ ಆ ಸ್ಕ್ರೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಏರ್ ಫಿಲ್ಟರ್ ಕಡೆಗೆ ಇದ್ದರೆ ಸಾಮಾನ್ಯವಾಗಿ ಅದು ಗಾಳಿಯನ್ನು ಅಳೆಯುತ್ತದೆ. ಒಳಗೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಆಗುತ್ತದೆ. ಎಂಜಿನ್ ಕಡೆಗೆ ಇದ್ದರೆ ಅದು ಮಿಶ್ರಣವನ್ನೇ ಅಳೆಯುತ್ತದೆ. ಅಲ್ಲಿ ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ. ಒಂದಕ್ಕೊಂದು ಪೂರಾ ಉಲ್ಟಾ. ಅಣ್ಣನ ಬೈಕಿನಲ್ಲಿ ಕಲಿತ ವಿದ್ಯೆಯನ್ನು ತಮ್ಮನ ಬೈಕಿನ ಮೇಲೆ ಪ್ರಯೋಗ ಮಾಡಿದರೆ ಏನಾಗುತ್ತದೆ ನೋಡಿ. ಅದರ ಜೊತೆಗೆ, ಕೆಲವರು ಅದನ್ನು ಬೋಲ್ಟ್ ಬಿಗಿಸಿದ ಹಾಗೆ ಕೊನೆವರೆಗೆ ಬಿಗಿಸುತ್ತಾರೆ. ತುದಿ ಚೂಪಾಗಿರುತ್ತದೆ. ಕೂರುವ ಜಾಗ ಹಾಳಾದರೆ ಆಮೇಲೆ ಆ ಕಾರ್ಬುರೇಟರ್ ಯಾರ ಕೈಗೂ ಸರಿಯಾಗಿ ಸಿಗುವುದಿಲ್ಲ.

ಹಾಗಾದರೆ ತಿರುಗಿಸಿದ ಕೂಡಲೇ ಬೈಕ್ ಸರಿಯಾದಂತೆ ಕಾಣುವುದು ಯಾಕೆ? ಬೇರೆ ಎಲ್ಲೋ ಇರುವ ದೋಷವನ್ನು ಅದು ಕೆಲವು ದಿನ ಮುಚ್ಚಿಡುತ್ತದೆ, ಅದಕ್ಕೆ. ಕಾರ್ಬುರೇಟರ್ ಮತ್ತು ಎಂಜಿನ್ ನಡುವೆ ಒಂದು ರಬ್ಬರ್ ಓ-ರಿಂಗೋ ಜೋಡಣೆಯೋ ಇರುತ್ತದೆ. ವರ್ಷಗಟ್ಟಲೆ ಬಿಸಿ ತಿಂದು ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಕಳ್ಳ ಗಾಳಿ ಒಳಗೆ ಹೋಗುತ್ತದೆ. ಐಡ್ಲಿಂಗ್ ಒಮ್ಮೆ ಏರುತ್ತದೆ, ಒಮ್ಮೆ ಬೀಳುತ್ತದೆ. ಸ್ಕ್ರೂ ತಿರುಗಿಸಿ ಪೆಟ್ರೋಲ್ ಜಾಸ್ತಿ ಬಿಟ್ಟರೆ ಆ ಗಾಳಿಗೆ ಸರಿದೂಗುತ್ತದೆ, ಗಾಡಿ ನಿಂತಲ್ಲೇ ಚೆನ್ನಾಗಿ ಓಡುತ್ತದೆ. ಎಲ್ಲರಿಗೂ ಸಮಾಧಾನ. ಆದರೆ ಬಿರುಕು ಬೆಳೆಯುತ್ತಲೇ ಇರುತ್ತದೆ. ಆಮೇಲೆ ಪ್ಲಗ್ ಕಪ್ಪಾಗಿದೆ ಅನ್ನುವ ಹೊಸ ದೂರು. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಗಾಡಿ ಐಡ್ಲಿಂಗ್‌ನಲ್ಲಿರುವಾಗ ಆ ಜೋಡಣೆಯ ಮೇಲೆ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಬದಲಾದರೆ ಅಲ್ಲೇ ಗಾಳಿ ಎಳೆಯುತ್ತಿದೆ ಅಂತ ಅನುಮಾನ ಪಡಬಹುದು. ಕೆಲವರು ಪೆಟ್ರೋಲ್ ಸಿಂಪಡಿಸಿ ನೋಡುತ್ತಾರೆ. ದಯವಿಟ್ಟು ಬೇಡ, ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ.

ನಂಜನಗೂಡಿನ ಕಾರ್ಖಾನೆಗೆ ದಿನಾ ಹೋಗಿಬರುವ ಒಬ್ಬರು ಹಿಂದಿನ ಮಳೆಗಾಲದಲ್ಲಿ ಬಂದಿದ್ದರು. ತಾಳ್ಮೆಯ ಮನುಷ್ಯ, ಆದರೆ ಅವತ್ತು ಸೋತುಹೋಗಿದ್ದರು. ಮನೆಯಿಂದ ಗಾಡಿ ಚೆನ್ನಾಗಿಯೇ ಹೊರಡುತ್ತದೆ. ಬಂಡಿಪಾಳ್ಯ ದಾಟಿ ಕಡಕೊಳ ಬರುವಷ್ಟರಲ್ಲಿ ಎಳೆತ ಕಡಿಮೆಯಾಗಿ ನಿಂತುಬಿಡುತ್ತದೆ. ಬೇರೆ ಬೇರೆ ಕಡೆ ಕಾರ್ಬುರೇಟರ್ ಬಿಚ್ಚಿಸಿ ಆಗಿತ್ತು. ಕೊನೆಗೆ ಹೊಸ ಕಾರ್ಬುರೇಟರ್ ಕೂಡ ಹಾಕಿಸಿದ್ದರು. ದೋಷ ಹಾಗೇ ಇತ್ತು.

"ನಿಂತ ಮೇಲೆ ನೀವು ಏನು ಮಾಡ್ತೀರಿ, ಒಂದೊಂದಾಗಿ ಹೇಳಿ" ಅಂತ ಕೇಳಿದೆ.

"ಏನಿಲ್ಲ ಅಣ್ಣ. ಪೆಟ್ರೋಲ್ ಇದ್ಯಾ ಅಂತ ಮುಚ್ಚಳ ತೆಗೆದು ನೋಡ್ತೀನಿ. ಇರುತ್ತೆ. ಮುಚ್ಚಿ ಎರಡು ಕಿಕ್ ಹೊಡೆದ್ರೆ ಸ್ಟಾರ್ಟ್ ಆಗುತ್ತೆ."

"ಮುಚ್ಚಳ ತೆಗೆದಾಗ ಸುಯ್ ಅಂತ ಸದ್ದು ಬರುತ್ತಾ?"

ಅವರು ಸ್ವಲ್ಪ ಹೊತ್ತು ಯೋಚಿಸಿ, "ಬರುತ್ತೆ" ಅಂದರು.

ಅಷ್ಟೇ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಧೂಳು, ತುಕ್ಕು ಸೇರಿ ಅದು ಕಟ್ಟಿಕೊಂಡಿತ್ತು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದರೆ ಸ್ವಲ್ಪ ಸುರಿದು ನಿಲ್ಲುತ್ತದಲ್ಲ, ಇದೂ ಹಾಗೆಯೇ. ಪೆಟ್ರೋಲ್ ಇಳಿದ ಜಾಗಕ್ಕೆ ಗಾಳಿ ಬರದಿದ್ದರೆ ಕಾರ್ಬುರೇಟರಿಗೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಮುಚ್ಚಳ ತೆಗೆದಾಗ ಗಾಳಿ ಒಳಗೆ ಹೋಗಿ ಎಲ್ಲ ಸರಿಯಾಗುತ್ತದೆ, ಮತ್ತೊಂದಿಷ್ಟು ದೂರದವರೆಗೆ. ಮುಚ್ಚಳ ಬಿಚ್ಚಿ, ತೊಳೆದು, ಗಾಳಿ ಹೊಡೆದು ಕೊಟ್ಟೆ. ತೂತನ್ನು ದೊಡ್ಡದು ಮಾಡಲು ಹೋಗಬೇಡಿ, ಮಳೆನೀರು ಇಳಿಯುತ್ತದೆ. ಉತ್ತರ ಅವರ ಬಾಯಲ್ಲೇ ಇತ್ತು. ಯಾರೂ ಕೇಳಿರಲಿಲ್ಲ. ಅವರೂ ಹೋದಕಡೆಯೆಲ್ಲ "ಕಾರ್ಬುರೇಟರ್" ಅನ್ನುವ ಒಂದೇ ಪದ ಹೇಳಿದ್ದರು.

ಅದಕ್ಕೇ ನಾನು ಕೇಳಿಕೊಳ್ಳುವುದು ಇಷ್ಟು. ಪಾರ್ಟ್ ಹೆಸರು ಹೇಳಬೇಡಿ. ಯಾವಾಗ ನಿಲ್ಲುತ್ತದೆ ಹೇಳಿ. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಧಾನ ಹೋಗುವಾಗಲೋ, ಪೂರ್ತಿ ತಿರುಗಿಸಿದಾಗಲೋ? ಮಳೆ ಬಂದಾಗ ಮಾತ್ರವಾ? ಮಳೆಯಲ್ಲಿ ಮಾತ್ರ ಮಿಸ್ ಹೊಡೆದರೆ ನಾನು ಮೊದಲು ಪ್ಲಗ್ ಕ್ಯಾಪ್ ಮತ್ತು ವೈರ್ ನೋಡುತ್ತೇನೆ. ಬೆಳಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ನೀಲಿ ಹೊಗೆ ಬಂದು ನಿಂತರೆ ಆಯಿಲ್ ಒಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಮೇಲೆ ನನ್ನ ಅನುಮಾನ. ಓಡುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್, ಸಿಲಿಂಡರ್ ಬೋರ್ ಕಡೆಗೆ. ಬೆಳಗ್ಗೆ ಮಾತ್ರ ಬರುವ ಹೊಗೆಗೂ ರೀಬೋರ್ (ಸಿಲಿಂಡರ್ ಮತ್ತೆ ಕೊರೆಸುವುದು) ಮಾಡಿಸಿಕೊಂಡು ದುಡ್ಡು ಕಳೆದುಕೊಂಡವರಿದ್ದಾರೆ.

ಬಿಸಿಯಾದ ಮೇಲೆ ಐಡ್ಲಿಂಗ್ ನಿಲ್ಲುವುದಿಲ್ಲ, ಬಿಸಿಯಲ್ಲಿ ಕಿಕ್ ಹೊಡೆದರೂ ಏಳುವುದಿಲ್ಲ ಅಂದರೆ ಮಾತ್ರ ನಾನು ಟ್ಯಾಪೆಟ್ ಕವರ್ ಬಿಚ್ಚದೆ ಬೇರೆ ಏನನ್ನೂ ಮುಟ್ಟುವುದಿಲ್ಲ. ಟ್ಯಾಪೆಟ್ ಅಂದರೆ ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಬಿಡುವ, ಹೊಗೆ ಹೊರಬಿಡುವ ವಾಲ್ವ್‌ಗಳನ್ನು ಒತ್ತಿ ತೆರೆಯುವ ಭಾಗ. ಅದರ ಸದ್ದು ಬಂತು ಅಂದರೆ ಜನರಿಗೆ ಭಯ. "ಟೈಟ್ ಮಾಡಿ ಅಣ್ಣ, ಸೌಂಡ್ ಬರಬಾರದು" ಅನ್ನುತ್ತಾರೆ. ಟೈಟ್ ಮಾಡಿದರೆ ಸದ್ದು ಹೋಗುತ್ತದೆ, ನಿಜ. ಆದರೆ ವಾಲ್ವ್ ಮೇಲೆ ಒಂದು ಸಂದು ಇರಲೇಬೇಕು. ಹಳೆಯ 100 ಸಿಸಿ ಬೈಕ್‌ಗಳಲ್ಲಿ ಅದು ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಇರಬಹುದು. ಸರಿಯಾದ ಅಳತೆ ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿದೆ. ಎಂಜಿನ್ ಕಾದಾಗ ಲೋಹ ಹಿಗ್ಗುತ್ತದೆ. ಸಂದೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಕಂಪ್ರೆಷನ್ ಸೋರುತ್ತದೆ, ವಾಲ್ವ್ ಸುಡಲು ಶುರುವಾಗುತ್ತದೆ. ಸ್ವಲ್ಪ ಟಿಕ್ ಟಿಕ್ ಅನ್ನುವ ಟ್ಯಾಪೆಟ್ ಬಾಯಿ ಮುಚ್ಚಿಸಿದ ಟ್ಯಾಪೆಟ್‌ಗಿಂತ ಎಷ್ಟೋ ವಾಸಿ. ಬಿಸಿಯಲ್ಲಿ ಆಫ್ ಆಗುವ ಇಂಥ ಗಾಡಿಗೂ ಕೊನೆಗೆ ಶಿಕ್ಷೆ ಬೀಳುವುದು ಆ ಹಿತ್ತಾಳೆ ಸ್ಕ್ರೂಗೇ!

ಪೆಟ್ರೋಲ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್‌ಗೆ ಚಾಲನೆ ಕೊಟ್ಟರು. ಶೇಕಡಾ 20 ಎಥನಾಲ್. ಹಳೆಯ ಬೈಕ್‌ಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ಅದರಿಂದ ಎಂಜಿನ್ ಹಾಳಾಗುತ್ತದೆ ಅಂತ ನಾನು ಹೆದರಿಸುವುದಿಲ್ಲ. ಆದರೆ ಹಳೆಯ ಪೆಟ್ರೋಲ್ ಪೈಪ್, ಓ-ರಿಂಗ್‌ಗಳನ್ನು ಬದಲಿಸಿಕೊಳ್ಳುವುದು ಒಳ್ಳೆಯದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ವಾರಗಟ್ಟಲೆ ನಿಂತ ಗಾಡಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ನೀರು ಬೇರೆಯಾಗಿ ತಳಕ್ಕೆ ಇಳಿಯಬಹುದು. ಕಾರ್ಬುರೇಟರ್ ಬಿಚ್ಚುವ ಮೊದಲು ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಅದರ ತಳದ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಬಿಡಿ. ಎಂಜಿನ್ ತಣ್ಣಗಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಐದು ನಿಮಿಷ ಇಟ್ಟು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು. ಕಂದು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ಟ್ಯಾಂಕ್ ತೊಳೆಯದೆ ಕಾರ್ಬುರೇಟರ್ ಮಾತ್ರ ತೊಳೆದರೆ ಅದೇ ತುಕ್ಕು ಮತ್ತೆ ಇಳಿದು ಜೆಟ್ ಕಟ್ಟುತ್ತದೆ. ಆಗ ನನ್ನ ಹತ್ತಿರ ಬಂದು ಬೈಯಬೇಡಿ.

ಎಮಿಷನ್ ಟೆಸ್ಟ್ ವಿಷಯ ಹೇಳಲೇಬೇಕು. 2000ದ ಮಾರ್ಚ್ ನಂತರ ತಯಾರಾದ ನಾಲ್ಕು ಸ್ಟ್ರೋಕಿನ ಬಿಎಸ್4ಗಿಂತ ಹಿಂದಿನ ಬೈಕ್‌ಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇಕಡಾ 3.5. ಅದನ್ನು ಅಳೆಯುವುದು ಐಡ್ಲಿಂಗ್‌ನಲ್ಲಿ. ಸ್ಕ್ರೂ ಪ್ರಭಾವ ಇರುವುದೂ ಐಡ್ಲಿಂಗ್‌ನಲ್ಲಿ. ಅದಕ್ಕೇ ಫೇಲ್ ಆದ ಕೂಡಲೇ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿ ಪಾಸ್ ಮಾಡಿಸಿಬಿಡುತ್ತಾರೆ. ಮರುದಿನ ಬೆಳಗ್ಗೆ ಚೋಕ್ ಎಳೆದರೂ ಗಾಡಿ ಏಳುವುದಿಲ್ಲ. ಏರ್ ಫಿಲ್ಟರ್ ಸ್ವಚ್ಛವಾಗಿದ್ದು, ಟ್ಯಾಪೆಟ್ ಸರಿಯಿದ್ದು, ಚೋಕ್ ಪೂರ್ತಿ ಬಿಟ್ಟಿದ್ದರೆ ಒಳ್ಳೆಯ ಸ್ಥಿತಿಯ ಬೈಕ್ ಸಾಮಾನ್ಯವಾಗಿ ಹಾಗೇ ಪಾಸ್ ಆಗುತ್ತದೆ. ಒಂದೆರಡು ಕಿಲೋಮೀಟರ್ ಓಡಿಸಿ, ಎಂಜಿನ್ ಬಿಸಿ ಮಾಡಿಕೊಂಡು ಹೋಗಿ.

ಉಳಿದ ದುಡ್ಡನ್ನು ಬ್ರೇಕ್ ಶೂ, ಟೈರ್, ಚೈನ್ ಸ್ಪ್ರಾಕೆಟ್‌ಗೆ ಹಾಕಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಹೊಸ ಸ್ಟಿಕ್ಕರ್, ಸೀಟ್ ಕವರ್ ಹಾಕಿಸುತ್ತಾರೆ, ಟೈರ್ ನೋಡುವುದೇ ಇಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2316 ಅಂತಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಗುಬ್ಬಿ, ಅಂದರೆ ಆ ಉಬ್ಬುಗಳು, ಎಷ್ಟೇ ಚೆನ್ನಾಗಿ ಕಂಡರೂ ಆ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವವರು ನೀವು, ಅಲ್ವಾ?

ಇಷ್ಟನ್ನೂ ದೂರದಿಂದ ಓದಿ ನಿಮ್ಮ ಗಾಡಿಗೆ ಇದೇ ಆಗಿದೆ ಅಂತ ತೀರ್ಮಾನ ಮಾಡಬೇಡಿ. ಒಂದೇ ಲಕ್ಷಣಕ್ಕೆ ಎರಡು ಮೂರು ಕಾರಣ ಇರಬಹುದು, ಕೈಯಿಟ್ಟು ನೋಡದೆ ನಾನೂ ಹೇಳಲಾರೆ. ಸ್ಕ್ರೂವನ್ನು ಈಗಾಗಲೇ ತಿರುಗಿಸಿದ್ದರೆ ಹಾಗೇ ಹೇಳಿ, ನಾನು ಬೈಯುವುದಿಲ್ಲ. ಮುಚ್ಚಿಟ್ಟರೆ ಹುಡುಕಲು ಅರ್ಧ ದಿನ ಹಿಡಿಯುತ್ತದೆ. ಮತ್ತೆ, ಬೆಳಗ್ಗೆ ಗಾಡಿ ಓಡಿಸಿಕೊಂಡು ಬರಬೇಡಿ. ಟ್ಯಾಪೆಟ್ ನೋಡಲು ಎಂಜಿನ್ ತಣ್ಣಗಿರಬೇಕು, ಬೆಳಗಿನ ಸ್ಟಾರ್ಟಿಂಗ್ ತೊಂದರೆಯೂ ತಣ್ಣಗಿನ ಎಂಜಿನ್‌ನಲ್ಲೇ ಕಾಣುವುದು. ಹಿಂದಿನ ದಿನ ಸಂಜೆಯೇ ತಂದು ಬಿಟ್ಟುಹೋಗಿ. ಮೊದಲ ಕಿಕ್ ನಾನೇ ಹೊಡೆದು ನೋಡುತ್ತೇನೆ.