ಉಸಿರು ಬಿಟ್ಟಾಗ ಬಿಗಿಯುವ ರಕ್ತನಾಳ

"ಅರ್ಧ ಇಡ್ಲಿ ತಿಂದರೂ ಸಾಕು ಡಾಕ್ಟ್ರೇ, ಮೇಲ್ಹೊಟ್ಟೆ ಹಿಂಡಿದ ಹಾಗಾಗುತ್ತೆ."

ಹೀಗೆ ಹೇಳಿಕೊಂಡು ಬರುವವರಲ್ಲಿ ತೆಳ್ಳಗಿನ ಮೈಯ ಹೆಣ್ಣುಮಕ್ಕಳೇ ಜಾಸ್ತಿ. ಕೈಯಲ್ಲಿ ದಪ್ಪ ಫೈಲು. ಎಂಡೋಸ್ಕೋಪಿ ನಾರ್ಮಲ್, ಸ್ಕ್ಯಾನಿಂಗ್ ನಾರ್ಮಲ್. ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ನುಂಗಿ ಸಾಕಾಗಿರುತ್ತದೆ. ನೋವಿಗೆ ಹೆದರಿ ಊಟ ಬಿಟ್ಟು ತೂಕ ಇಳಿದಿರುತ್ತದೆ. ಕೊನೆಗೆ ಯಾರೋ "ಎಲ್ಲ ಮನಸ್ಸಿನದು" ಅಂದಿರುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇಂಥವರಲ್ಲಿ ಕೆಲವರಿಗಿರುವುದು ರಕ್ತನಾಳ ಅದುಮಿ ಬರುವ ಕಾಯಿಲೆ, ಹೆಸರು ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್ ಸಿಂಡ್ರೋಮ್.

ಎದೆಗೂ ಹೊಟ್ಟೆಗೂ ನಡುವಿನ ವಪೆಯಲ್ಲಿ ಕಮಾನಿನಂಥ ಗಟ್ಟಿ ನಾರಿನ ಪಟ್ಟಿ ಇರುತ್ತದೆ. ಅದರ ಕೆಳಗೇ ಮಹಾಪಧಮನಿಯಿಂದ ಸೀಲಿಯಾಕ್ ರಕ್ತನಾಳ ಕವಲೊಡೆದು ಜಠರ, ಲಿವರ್, ಗುಲ್ಮಕ್ಕೆ ರಕ್ತ ಒಯ್ಯುತ್ತದೆ. ಕೆಲವರಲ್ಲಿ ಆ ಪಟ್ಟಿ ತುಸು ಕೆಳಗಿದ್ದು ನಾಳವನ್ನು ಅದುಮುತ್ತದೆ. ಉಸಿರು ಬಿಟ್ಟಾಗ ವಪೆ ಮೇಲೇರುತ್ತದಲ್ವಾ, ಆಗ ಒತ್ತಡ ಇನ್ನೂ ಬಿಗಿ. ಅದಕ್ಕೇ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್, ಮಾಡುವಾಗ "ಪೂರ್ತಿ ಉಸಿರು ಬಿಟ್ಟು ಹಿಡ್ಕೊಳ್ಳಿ" ಅಂತ ಹೇಳಿಯೇ ರಕ್ತದ ವೇಗ ಅಳೆಯಬೇಕು. ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋ ಸ್ಕ್ಯಾನನ್ನು ಪಕ್ಕದಿಂದ ನೋಡಿದರೆ ನಾಳ ಕೊಕ್ಕೆಯಂತೆ ಬಾಗಿರುತ್ತದೆ.

ಆದರೆ ಕೊಕ್ಕೆ ಕಂಡ ತಕ್ಷಣ ಆಪರೇಷನ್ ಬೇಡ. ಏನೂ ತೊಂದರೆಯಿಲ್ಲದ ಎಷ್ಟೋ ಜನರಲ್ಲೂ ಅದು ಕಾಣುತ್ತದೆ. ಅಲ್ಸರ್, ಪಿತ್ತಕೋಶದ ಕಲ್ಲು, ಮೇದೋಜೀರಕದ ಕಾಯಿಲೆ ಇವೆಲ್ಲ ಇಲ್ಲವೆಂದು ಮೊದಲು ಖಾತ್ರಿಯಾಗಬೇಕು. ಅಲ್ಲಿನ ನರಗಳ ಗುಂಪಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಾಗ ನೋವು ಹೋದರೆ, ಆಪರೇಷನ್ ಕೆಲಸ ಮಾಡುವ ಭರವಸೆ ಹೆಚ್ಚುತ್ತದೆ.

1960ರ ದಶಕದಲ್ಲಿ ಈ ಕಾಯಿಲೆ ಗುರುತಾದಾಗ ಹೊಟ್ಟೆ ಸೀಳಿಯೇ ಆಪರೇಷನ್ ಮಾಡುತ್ತಿದ್ದರು. ಈಗ ನಾಲ್ಕೈದು ಸಣ್ಣ ರಂಧ್ರ ಸಾಕು. ಲಿವರ್ ಎತ್ತಿ ಹಿಡಿದು, ಜಠರದ ನಾಳದ ಜಾಡು ಹಿಡಿದು ಬುಡದತ್ತ ಹೋಗುತ್ತೇವೆ. ಬಿಳಿಯ ನಾರುಗಳನ್ನು ಎಳೆ ಎಳೆಯಾಗಿ ಎತ್ತಿ ಕತ್ತರಿಸಬೇಕು. ಮಿಲಿಮೀಟರ್‌ಗಳ ಕೆಳಗೆ ಮಹಾಪಧಮನಿ ಮಿಡಿಯುತ್ತಿರುತ್ತದೆ. ಅಲ್ಲಿ ಅವಸರ ಮಾಡುವ ಹಾಗೇ ಇಲ್ಲ. ರಕ್ತ ಚಿಮ್ಮಿದರೆ ಹೊಟ್ಟೆ ತೆರೆಯಬೇಕಾಗಬಹುದು, ಇದನ್ನು ರೋಗಿಗೆ ಮೊದಲೇ ಹೇಳಿರಬೇಕು. ನಾಳವನ್ನು ಸುತ್ತಿಕೊಂಡ ನರದ ಎಳೆಗಳನ್ನೂ ಬಿಡಿಸುತ್ತೇವೆ. ನೋವಿನಲ್ಲಿ ಅವುಗಳ ಪಾಲೂ ಇದೆ.

"ಸ್ಟೆಂಟ್ ಹಾಕಿದ್ರೆ ಸಾಲ್ದಾ?" ಅಂತ ಕೇಳುತ್ತಾರೆ. ಪಟ್ಟಿ ಹೊರಗಿನಿಂದ ಅದುಮುತ್ತಲೇ ಇದ್ದರೆ ಸ್ಟೆಂಟೇ ನಜ್ಜುಗುಜ್ಜಾಗಬಹುದು. ಮೊದಲು ಪಟ್ಟಿ ಬಿಡಿಸಬೇಕು. ಆಮೇಲೂ ನಾಳ ಕಿರಿದಾಗಿಯೇ ಉಳಿದರೆ ಸ್ಟೆಂಟ್ ಮಾತು.

ಹೆಚ್ಚಿನವರಿಗೆ ಆರಾಮಾಗುತ್ತದೆ, ಕೆಲವರಿಗೆ ನೋವು ಉಳಿಯುತ್ತದೆ. ನೋವು ಹೋದವರಿಗೂ ಊಟದ ಭಯ ಸುಮ್ನೆ ಹೋಗುವುದಿಲ್ಲ. ಮೊದಮೊದಲು ಗಂಜಿ, ಮೆತ್ತಗಿನ ಅನ್ನ, ಸ್ವಲ್ಪ ಸ್ವಲ್ಪವೇ ಸಾಕು. ಪಕ್ಕದಲ್ಲಿ ಕೂತವರು "ಇನ್ನೊಂದು ತುತ್ತು" ಅಂತ ಒತ್ತಾಯ ಮಾಡಬೇಡಿ.